ಏಡಿಯ ಬಿಲ ಎಣಿಸಿದವನು

"ಸರ್, ನಲವತ್ತು ಕಡೆ ಕೆಟ್ಟಿದೆ! ಇನ್ನೂ ಯಾತಕ್ಕೆ ಕಾಯಬೇಕು?"

ಕಿರಿಯ ವೈದ್ಯೆ ವಾಗ್ದೇವಿ ವರದಿ ಹಿಡಿದು ಗುರುಗಳ ಪ್ರಯೋಗಾಲಯಕ್ಕೆ ಓಡಿ ಬಂದಿದ್ದಳು. ದರ್ಜಿ ಕೆಂಚಪ್ಪನ ಅನ್ನನಾಳದ ಒಳಪದರ ವರ್ಷಗಟ್ಟಲೆ ಹೊಟ್ಟೆಯ ಹುಳಿಗೆ ಸುಟ್ಟು ಬೇರೆಯೇ ರೂಪ ತಾಳಿತ್ತು. ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಹೆಜ್ಜೆ. ಈಗ ನೋಡಿದರೆ ಆ ಪದರದ ವಂಶವಾಹಿಗಳಲ್ಲಿ ನಲವತ್ತು ಬದಲಾವಣೆ!

"ನಾಳೆಯೇ ಅನ್ನನಾಳ ತೆಗೆಸಿಬಿಡೋಣ ಸರ್. ಬೆಳಿಗ್ಗೆ ಇದೇ ತೊಂದರೆಯ ಪೋಸ್ಟ್ ಮಾಸ್ಟರ್ ಜಯಶೀಲರ ವರದಿಯನ್ನೂ ನೋಡಿದೆ. ಬರೀ ಮೂರು. ಎರಡು ವರ್ಷ ಬಿಟ್ಟು ಬನ್ನಿ ಅಂತ ಮನೆಗೆ ಕಳಿಸಿದೆ."

ಗುರುಗಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. "ಕೂತ್ಕೋ ತಾಯಿ. ಕೆಂಚಪ್ಪ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಕತೆ ಕೇಳು."

ಒಂದೂರಿನ ಕೆರೆ ಏರಿಯಲ್ಲಿ ಏಡಿಗಳು ಬಿಲ ತೋಡುತ್ತಿದ್ದವು. ಒಬ್ಬ ರೈತ ಒಂದು ದಿನ ಎಣಿಸಿದ. ನಲವತ್ತು! ಅಯ್ಯಯ್ಯೋ, ಕೆರೆ ಹೋಯಿತು, ಈಗಲೇ ಏರಿ ಕಡಿದು ನೀರು ಬಿಟ್ಟುಬಿಡಿ ಎಂದು ಊರೆಲ್ಲ ಬೊಬ್ಬೆ ಹಾಕಿದ. ಕೆರೆ ಕಾಯುವ ನೀರುಗಂಟಿ ನಕ್ಕುಬಿಟ್ಟ. ಅವನು ದಿನಾ ಬೆಳಿಗ್ಗೆ ಏರಿಯ ಮೇಲೆ ಬರಿಗಾಲಲ್ಲಿ ನಡೆಯುವವನು. ಕಾಲಿಗೆ ತೇವ ತಗುಲಿದಲ್ಲಿ ನಿಂತು ಬಿಲಕ್ಕೆ ಜೇಡಿಮಣ್ಣು ಮೆತ್ತುವವನು. "ಕೆರೆ ಅಂದಮೇಲೆ ಏಡಿ, ಏಡಿ ಅಂದಮೇಲೆ ಬಿಲ. ನಾನಿದ್ದೀನಿ, ಹೋಗಿ ಮಲಕ್ಕೊಳ್ಳಿ ಗೌಡ್ರೆ" ಎಂದ. ಆ ಮಳೆಗಾಲ ಏರಿ ಅಲುಗಲಿಲ್ಲ.

ಮರುವರ್ಷ ರೈತ ಮತ್ತೆ ಎಣಿಸಿದ. ಮೂರೇ ಮೂರು! ಸದ್ಯ ಬದುಕಿದೆವು ಎಂದು ಹೋಳಿಗೆ ಮಾಡಿಸಿಕೊಂಡು ಉಂಡ. ಆದರೆ ಆ ಬೇಸಿಗೆಯಲ್ಲಿ ನೀರುಗಂಟಿ ತೀರಿಕೊಂಡಿದ್ದ. ಅವನ ಜಾಗಕ್ಕೆ ಊರವರು ಯಾರನ್ನೂ ಇಟ್ಟಿರಲಿಲ್ಲ. ಮೂರು ಬಿಲ ಹಿಗ್ಗಿದವು, ಒಳಗೊಳಗೇ ಒಂದಕ್ಕೊಂದು ಕೂಡಿಕೊಂಡವು, ಕೇಳುವವರಿಲ್ಲ. ದೊಡ್ಡ ಮಳೆ ಬಂದ ದಿನ ಏರಿ ಕಿತ್ತುಹೋಯಿತು. ಜೊತೆಗೆ ಊರೂ ಹೋಯಿತು.

ವಾಗ್ದೇವಿ ಥಟ್ಟನೆ ಎದ್ದಳು. "ಹಾಗಾದರೆ ಸರ್, ದಾರಿ ತಪ್ಪಿದ ಜೀವಕೋಶವನ್ನು ಹಿಡಿದು ನಿಲ್ಲಿಸುವ ವಂಶವಾಹಿ ಇದೆಯಲ್ಲ, ಅದೇ ನಮ್ಮ ಮೈಯ ನೀರುಗಂಟಿ!"

ಗುರುಗಳು ತಲೆಯಾಡಿಸಿದರು. ಅವಳು ವರದಿಯ ಹಾಳೆಗಳನ್ನು ಸರಸರ ತಿರುವಿದಳು. ನಲವತ್ತು ಹೆಸರುಗಳ ಮೇಲೂ ಬೆರಳಾಡಿಸಿದಳು. ಕೆಟ್ಟವುಗಳ ಪಟ್ಟಿಯಲ್ಲಿ ಆ ಕಾವಲು ವಂಶವಾಹಿಯ ಹೆಸರು ಇರಲಿಲ್ಲ.

"ಇಲ್ಲ ಸರ್, ಇಲ್ಲ! ಕೆಂಚಪ್ಪನ ನೀರುಗಂಟಿ ಗಟ್ಟಿಯಾಗಿದ್ದಾನೆ! ಅನ್ನನಾಳ ಉಳಿಯಿತು!" ಖುಷಿಗೆ ಅವಳು ಕುಣಿಯುವುದೊಂದು ಬಾಕಿ.

"ಸಂತೋಷ ತಾಯಿ," ಎಂದರು ಗುರುಗಳು. "ಮನೆಗೆ ಕಳಿಸಿದೆಯಲ್ಲ ಜಯಶೀಲರನ್ನು, ಅವರ ಆ ಮೂರರಲ್ಲಿ ಸತ್ತಿರುವುದು ಯಾರು?"