ಎರಡು ದೇಶ ಕಂಡ ಸಣ್ಣೀರ

“ಕೇಳ್ರಪ್ಪೋ ಕೇಳಿ! ಮೂಡಣ ದೇಶ, ಪಡುವಣ ದೇಶ ಹೇಗೆ ಸಿರಿವಂತವಾದವು ಎಂಬುದರ ಮೇಲೆ ಅಮ್ಮಣ್ಣಿಯವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನು ಅವರ ಕೈಹಿಡಿಯಬಹುದು. ತಪ್ಪಿದವನ ತಲೆ ಉಳಿಯುವುದಿಲ್ಲ!” ಎಂದು ಡಂಗುರದವನು ಸಾರಿದ.

ಕುಂದಣಗಿರಿ ಬಡ ರಾಜ್ಯ. ಪಟ್ಟವೇರಲಿದ್ದ ಅಮ್ಮಣ್ಣಿ ಪದುಮಲೆಗೆ ಹೊಗಳುವವನಲ್ಲ, ತಿಳಿದವನು ಬೇಕಾಗಿದ್ದ.

ಮೊದಲು ಮಂತ್ರಿಯ ಮಗ ಬಂದ. “ಮೂಡಣದಲ್ಲಿ ಅರಸನ ಮುಷ್ಟಿಯೊಳಗೆ ಒಣಗಿದ್ದು, ಮುಷ್ಟಿ ಸಡಿಲಿಸಿದೊಡನೆ ಮೂರು ಪಟ್ಟು ಬೆಳೆಯಿತು. ಏನದು?” ಎಂದು ಪದುಮಲೆ ಕೇಳಿದಳು.

“ಬೊಕ್ಕಸ,” ಎಂದ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಆಮೇಲೆ ಬಂದ ಸೆಟ್ಟರ ಮಗ ನೇಮಣ್ಣ ಎರಡನೆಯ ಒಗಟನ್ನೇ ಮೊದಲು ಕೇಳಿ ಎಂದ. “ಪಡುವಣದವರನ್ನೆಲ್ಲ ಮೇಲೆತ್ತಿದ, ಆದರೆ ಯಾರೂ ನೆನೆಯದ ಕೈ ಯಾರದು?”

“ವ್ಯಾಪಾರಿಯದು! ಅಲ್ಲಿ ಅರಸ ಯಾತಕ್ಕೂ ಕೈಹಾಕುವುದಿಲ್ಲ.”

ಅದೂ ತಪ್ಪು. ನೇಮಣ್ಣನ ಸರಕು ಹೊತ್ತ ಹೇರೆತ್ತುಗಳನ್ನು ಎರಡೂ ದೇಶಗಳಿಗೆ ಹೊಡೆಯುತ್ತಿದ್ದ ಸಣ್ಣೀರ ಬಾಗಿಲಲ್ಲೇ ನಿಂತಿದ್ದ. ಧಣಿಯ ಬಿಳಿಚಿದ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ. ಮುಂದೆ ಬಂದ.

“ಅಮ್ಮಣ್ಣಿಯವರೇ, ನಾನು ಹೇಳ್ಲಾ? ಮೊದಲನೇದು ರೈತನ ಹೊಲ. ಮೂಡಣದಲ್ಲಿ ಬೆಳೆದದ್ದೆಲ್ಲ ಅರಮನೆ ಕಣಜಕ್ಕೆ ಹೋಗ್ತಿತ್ತು, ಮೈಮುರಿದು ದುಡಿಯೋರೇ ಇರ್ಲಿಲ್ಲ. ಅರಮನೆ ಪಾಲು ಕೊಟ್ಟು ಮಿಕ್ಕಿದ್ದು ನೀವೇ ಇಟ್ಕೊಳ್ಳಿ ಅಂದ ಅರಸ. ಮುಂದಿನ ಸುಗ್ಗಿಗೆ ನನ್ನ ಎತ್ತುಗಳು ಹೊರಲಾರದಷ್ಟು ಕಾಳು! ಹಾಗಂತ ಅವನು ಸುಮ್ಮನೆ ಕೂರಲಿಲ್ಲ, ಬಂದರು ಕಟ್ಟಿಸಿದ, ಶಾಲೆ ತೆರೆಸಿದ.”

“ಎರಡನೆಯದು?”

“ಅದು ಅರಸನ ಕೈ. ನಮ್ಮ ಧಣಿ ಅಲ್ಲಿನ ಅಂಗಡಿಬೀದಿ ನೋಡಿದಾರೆ, ನಾನು ದಾರಿ ಸವೆಸಿದೀನಿ. ಆ ದಾರಿಗೆ ನೆಲ ಕೊಟ್ಟವನು ಅರಸ. ಅಲ್ಲಿನ ನೇಕಾರರು ಕಾಲೂರೋವರೆಗೂ ಹೊರಗಿನ ಬಟ್ಟೆಗೆ ಸುಂಕ ಹಾಕಿ ಕಾಪಾಡಿದವನೂ ಅವನೇ. ಬೆಳೆದ ಮೇಲೆ ಜನ ಮರೆತರು.”

ಪದುಮಲೆ ಮುಂದಕ್ಕೆ ಬಾಗಿದಳು. “ಕೊನೆಯದು. ಆ ಇಬ್ಬರು ಅರಸರ ಬಳಿಯೂ ಇದೆ. ಆದರೆ ನಾನೆಷ್ಟು ಬೇಡಿದರೂ ಅವರು ಕೊಡಲಾರರು. ಏನು?”

ಸಣ್ಣೀರ ತಡಬಡಿಸಿದ. ಬಂದರೇ? ಸುಂಕವೇ? ಅವನ್ನೆಲ್ಲ ನೋಡಿ ಕಲಿಯಬಹುದು. ಕೊನೆಗೆ ಮೆಲ್ಲಗೆ ಹೇಳಿದ: “ತಮ್ಮ ಜನಕ್ಕೆ ಯಾವಾಗ ಏನು ಬೇಕು ಅನ್ನೋ ಅರಿವು. ಅವರಿಗೆ ಗೊತ್ತಿರೋದು ಅವರ ಜನದ್ದು. ನಮ್ಮದು ಅವರಿಗೇನು ಗೊತ್ತು?”

ಪದುಮಲೆ ಪೀಠದಿಂದ ಎದ್ದಳು. “ನೀನು ಗೆದ್ದೆ. ಏನು ಬೇಕು ಕೇಳು.”

“ನಮ್ಮ ಧಣಿದೂ ಮಂತ್ರಿ ಮಗನದೂ ತಲೆ ಉಳಿಸಿ.”

“ಉಳಿಸಿದೆ. ನಿನಗೆ?”

ಅವನು ನಾಚಿ ನೆಲ ನೋಡಿದ. ಪದುಮಲೆ ತಾನೇ ಹತ್ತಿರ ಬಂದು ಅವನ ಒರಟು ಕೈ ಹಿಡಿದಳು. “ಮದುವೆ ಮುಂದಿನ ತಿಂಗಳು,” ಎಂದಳು. “ಅಷ್ಟರಲ್ಲಿ ನನ್ನನ್ನು ನಡೆಸಿಕೊಂಡು ಹೋಗಿ ನನ್ನ ನಾಡನ್ನು ನನಗೆ ತೋರಿಸು.”

ಮರುದಿನ ಬೆಳಿಗ್ಗೆ ಕುಂದಣಗಿರಿಯ ಜನ, ತಮ್ಮ ರಾಣಿಯಾಗಲಿದ್ದವಳು ಪಲ್ಲಕ್ಕಿ ಬಿಟ್ಟು ಸಣ್ಣೀರನ ಜೊತೆ ಹೇರೆತ್ತುಗಳ ಹಿಂದೆ ನಡೆದು ಬರುವುದನ್ನು ಕಂಡರು.