ಗಾಸಪ್ಪ ಚೆಲ್ಲಿದ ಪಾತ್ರೆ

ಯಾವ ಕಾಲ ಅಂತ ಕೇಳಬೇಡಿ ಮಕ್ಕಳೆ, ಅದು ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ನಮ್ಮ ಇದೇ ಕರೆಕಲ್ಲು ಊರಿನಲ್ಲಿ, ಒಬ್ಬ ಫರಂಗಿ ಅಡುಗೆಯವನಿದ್ದನಂತೆ. ಊರ ಮೇಲಿನ ಬೆಟ್ಟದ ಕೋಟೆಯಲ್ಲಿ ಈಗ ಆಡು ಮೇಯುತ್ತವೆ. ಆಗ ಅಲ್ಲಿ ತಿಪ್ಪಣ್ಣನಾಯಕ ಆಳುತ್ತಿದ್ದ.

ಅಡುಗೆಯವನ ಹೆಸರು ಗಾಸ್ಪಾರ್. ನಮ್ಮವರ ಬಾಯಲ್ಲಿ ಅದು ಎಷ್ಟು ದಿನ ನಿಂತೀತು? ಗಾಸಪ್ಪ ಆದ. ಫ್ರಾನ್ಸ್ ದೇಶದವನು. ಅಲ್ಲಿ ಒಂದು ಹೊಳೆಯ ದಂಡೆಯ ಛತ್ರದಲ್ಲಿ ಅವನಪ್ಪ ಅಡುಗೆ ಮಾಡುತ್ತಿದ್ದನಂತೆ, ಅಪ್ಪನ ಅಪ್ಪನೂ ಅದನ್ನೇ ಮಾಡಿದ್ದನಂತೆ. ಇವನು ಬಿಳಿಯರ ದಂಡಿನ ಜೊತೆ ಸೌಟು ಹಿಡಿದು ಈ ಕಡೆ ಬಂದ. ದಂಡು ಸೋತು ದಿಕ್ಕಾಪಾಲಾದಾಗ ಉಳಿದವರು ಕೋವಿ ಹೊತ್ತು ಓಡಿದರು, ಇವನು ತನ್ನ ತಾಮ್ರದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಓಡಿದನಂತೆ. ಹುಚ್ಚು ನೋಡಿ!

ಓಡಿ ಓಡಿ ಬಿದ್ದದ್ದು ನಮ್ಮೂರ ಕುರಿಹಟ್ಟಿಯ ಮುಂದೆ. ಕುರಿ ಕಾಯುವವರ ಮಗಳು ಈರಕ್ಕ ಅವನಿಗೆ ಅಂಬಲಿ ಕೊಟ್ಟಳು. ಕುಡಿದು ಎದ್ದವನು ಏನು ಮಾಡಿದ ಗೊತ್ತೆ? ಹಟ್ಟಿಯವರು ಬಿಸಾಡಿದ ಮೂಳೆಗಳನ್ನು ಆಯ್ದು ತೊಳೆದು, ಆ ಪಾತ್ರೆಯಲ್ಲಿ ಹಾಕಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ ಕುದಿಸಿದ. ನೊರೆ ಬಂದಂತೆಲ್ಲ ತೆಗೆದ, ತೆಗೆದಂತೆಲ್ಲ ಕಾದು ಕೂತ. ಆ ರಸದ ಪರಿಮಳಕ್ಕೆ ದಾರಿಹೋಕರು ನಿಂತುಬಿಟ್ಟರಂತೆ. ಬರೀ ಮೂಳೆಯಿಂದ ಬದುಕಬಲ್ಲವನಿಗೆ ಹೆಣ್ಣು ಕೊಟ್ಟರೆ ನಷ್ಟವಿಲ್ಲ ಅಂತ ಈರಕ್ಕನ ಅಪ್ಪ ಅಂದನಂತೆ. ಮದುವೆಯಾಯಿತು, ಒಂದು ಹೆಣ್ಣು ಮಗುವೂ ಆಯಿತು. ಮಗುವಿಗೆ ಮಾರಿ ಅಂತ ಹೆಸರಿಟ್ಟರು. ಅವ್ವನಿಗೆ ಅದು ಊರಮ್ಮನ ಹೆಸರು, ಅಪ್ಪನಿಗೆ ಅವನ ತಾಯಿಯ ಹೆಸರು. ಹಾಗಾಗಿ ಜಗಳವಿರಲಿಲ್ಲ.

ಗಾಸಪ್ಪನಿಗೆ ಒಂದು ಕೆಟ್ಟ ಚಾಳಿಯಿತ್ತು. ಅಡುಗೆ ಒಂದು ಚಿಟಿಕೆ ಉಪ್ಪಿನಷ್ಟು ತಪ್ಪಿದರೂ ಇಡೀ ಪಾತ್ರೆಯನ್ನು ಎತ್ತಿ ನೆಲಕ್ಕೆ ಚೆಲ್ಲುತ್ತಿದ್ದ. ಹಟ್ಟಿಯ ನಾಯಿಗಳಿಗೆ ಹಬ್ಬ. ಈರಕ್ಕ ಬೈದು ಬೈದು ಸಾಕಾಗಿ ಸುಮ್ಮನಾದಳು. ಈ ಚಾಳಿ ನೆನಪಿಟ್ಟುಕೊಳ್ಳಿ.

ಹೆಸರು ಬೆಟ್ಟ ಹತ್ತಿತು. ನಾಯಕ ಕರೆಸಿದ. ಕರೆಸಿದ ಮೇಲೆ ಒಲ್ಲೆ ಅನ್ನುವ ಹಾಗುಂಟೆ? ಗಾಸಪ್ಪ ಹೆಂಡತಿ ಮಗುವಿನ ಸಮೇತ ಕೋಟೆಯ ಅಡುಗೆಮನೆ ಸೇರಿದ. ಅಲ್ಲಿಂದ ಈರಕ್ಕನ ಎದೆಯೊಳಗೆ ಹೆದರಿಕೆ ಶುರುವಾಯಿತು.

ಯಾಕೆಂದರೆ ಆ ನಾಯಕ ಗದ್ದುಗೆ ಏರಿದ್ದು ಅಣ್ಣನ ಊಟಕ್ಕೆ ವಿಷ ಹಾಕಿಸಿ. ಹಾಗಂತಾರೆ. ತಾನು ಮಾಡಿದ್ದು ತನಗೂ ಆದೀತೆಂದು ಅವನು ನೀರು ಕುಡಿಯಲೂ ನಡುಗುತ್ತಿದ್ದ. ಅಡುಗೆಯವನೇ ಮೊದಲು ತಿಂದು ತೋರಿಸಿದರೂ ನಂಬಿಕೆಯಿಲ್ಲ. ವಿಷ ಹಾಕುವವನು ಅದಕ್ಕೆ ಮದ್ದನ್ನು ಮೊದಲೇ ನುಂಗಿರುತ್ತಾನೆ ಅಂತ ಅವನ ಲೆಕ್ಕ. ಅದಕ್ಕೆ ಒಂದು ಕಟ್ಟಳೆ ಮಾಡಿದ: ಅಡುಗೆಯವನ ಕೂಸು ಮೊದಲ ತುತ್ತು ಉಣ್ಣಬೇಕು. ಸ್ವಂತ ಕೂಸಿಗೆ ಯಾರು ವಿಷ ಉಣಿಸುತ್ತಾರೆ?

ದಿನವೂ ಮಧ್ಯಾಹ್ನ ಆರು ವರ್ಷದ ಮಾರಿ ಒಂದು ಮುತ್ತುಗದೆಲೆ ಹಿಡಿದು ನಾಯಕನ ಎದುರು ಕೂರುತ್ತಿದ್ದಳು. ಅವಳು ಉಂಡ ಮೇಲೆ ಒಂದು ಗಳಿಗೆ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆ ಒಂದು ಗಳಿಗೆ ಈರಕ್ಕ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಗಂಡ ಒಳ್ಳೆಯವನೆಂದು ಗೊತ್ತು, ಪಾತ್ರೆ ಚೊಕ್ಕಟವೆಂದು ಗೊತ್ತು. ಆದರೂ ಹೆತ್ತ ಹೊಟ್ಟೆ ಕೇಳಬೇಕಲ್ಲ.

ಹೀಗಿರುವಾಗ ಒಂದು ವರ್ಷ ಮೊದಲ ಗುಡುಗು ಗುಡುಗಿತು, ಅಣಬೆ ಎದ್ದವು. ನಾಯಕನಿಗೆ ಅಣಬೆ ತಿನ್ನುವ ಆಸೆಯಾಯಿತು. ನಮ್ಮಲ್ಲಿ ಹುತ್ತದ ಮೇಲೆ ಎದ್ದದ್ದನ್ನು ಮಾತ್ರ ಕೀಳುತ್ತೇವೆ, ಅದೂ ಗುರುತಿನ ಹುತ್ತದ್ದು. ಪ್ರತಿವರ್ಷ ಈರಕ್ಕನೇ ತರುತ್ತಿದ್ದಳು. ಆ ದಿನ ಅವಳು ಅವ್ವನಿಗೆ ಹುಷಾರಿಲ್ಲವೆಂದು ಹಟ್ಟಿಗೆ ಹೋಗಿದ್ದಳು. ಗಾಸಪ್ಪ ತಾನೇ ಬುಟ್ಟಿ ಹಿಡಿದು ಹೊರಟ. ಹಳೆಯ ಕೆರೆ ಏರಿಯ ಮರದಡಿಯಲ್ಲಿ ಬೆಳ್ಳನೆಯ ಅಣಬೆಗಳನ್ನು ಕಂಡ. ಅಪ್ಪನ ಛತ್ರದ ಹಿಂದಿನ ಕಾಡಿನಲ್ಲಿ ಏಳುತ್ತಿದ್ದವೇ ಇವು ಅಂದುಕೊಂಡನಂತೆ. ಕಣ್ಣಲ್ಲಿ ನೀರು ಬಂತಂತೆ. ಊರಿನ ನೆನಪು ಮನುಷ್ಯನನ್ನು ಹೇಗೆ ಮೋಸ ಮಾಡುತ್ತದೆ ನೋಡಿ. ತಂದು, ಬೆಣ್ಣೆ ಮೆಣಸು ಹಾಕಿ ಬೇಯಿಸಿದ.

ಈರಕ್ಕ ಹಟ್ಟಿಯಿಂದ ಬರುವ ಹೊತ್ತಿಗೆ ಪಾತ್ರೆ ಮೇಲಕ್ಕೆ, ನಾಯಕನ ಊಟದ ಚಾವಡಿಗೆ ಹೋಗಿತ್ತು, ಮಗುವೂ ಹೋಗಿತ್ತು. ಒಲೆಯ ಪಕ್ಕ ಕತ್ತರಿಸಿ ಬಿಸಾಡಿದ ಅಣಬೆಯ ಬುಡಗಳು ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದಳು. ಬುಡದಲ್ಲಿ ಒಡೆದ ಮೊಟ್ಟೆಯಂಥ ಬಟ್ಟಲಿತ್ತು.

“ಯಾವ ಹುತ್ತದ್ದು ಇದು?”

“ಹುತ್ತದ್ದಲ್ಲ. ಕೆರೆ ಏರಿ ಮರದ ಕೆಳಗಿತ್ತು.”

ಈರಕ್ಕ ಆ ಬುಡವನ್ನು ಒಲೆಗೆ ಎಸೆದಳು. ಅವಳ ಅಜ್ಜಿಯ ಕಾಲದಲ್ಲಿ ಅದನ್ನೇ ತಿಂದು ಒಂದು ಹಟ್ಟಿಯೇ ಹಾಳುಬಿದ್ದಿತ್ತು. ತಿಂದ ಗಳಿಗೆಯಲ್ಲಿ ಏನೂ ಆಗುವುದಿಲ್ಲ, ಸಂಜೆಗೆ ಹೊಟ್ಟೆ ಹಿಂಡುತ್ತದೆ, ಮರುದಿನ ವಾಸಿಯಾದಂತೆ ಕಾಣುತ್ತದೆ, ಮೂರನೆಯ ದಿನ ಕಣ್ಣು ಅರಿಶಿನವಾಗುತ್ತದೆ, ಆಮೇಲೆ ಯಾವ ಮದ್ದೂ ಇಲ್ಲ. “ಅಯ್ಯೋ, ಕೂಸು ಕಣೋ!” ಅಂದಳಂತೆ, ಅಷ್ಟೇ.

ಗಾಸಪ್ಪ ಓಡಿದ. ಹಿಂದೆ ಈರಕ್ಕ ಓಡಿದಳು. ಅವರು ಬಾಗಿಲಿಗೆ ಬರುವಾಗ ಸೌಟು ಮಗುವಿನ ಎಲೆಯ ಮೇಲೆ ಬಾಗಿತ್ತು. ವಿಷ ಅಂತ ಕೂಗಿದರೆ ಮೂವರ ತಲೆಯೂ ಉಳಿಯುವುದಿಲ್ಲ. ಸುಮ್ಮನಿದ್ದರೆ ಮಗು ಉಳಿಯುವುದಿಲ್ಲ. ಗಾಸಪ್ಪ ನುಗ್ಗಿದವನೇ ಸೌಟನ್ನು ತಳ್ಳಿ, ಪಾತ್ರೆಯನ್ನು ಎತ್ತಿ ನೆಲಕ್ಕೆ ಚೆಲ್ಲಿದ.

ಯಾಕೆ ಚೆಲ್ಲಿದೆ ಅಂತ ನಾಯಕ ಕೇಳಿದ. ಉಪ್ಪು ಹೆಚ್ಚಾಗಿದೆ, ಇಂಥದ್ದನ್ನು ಒಡೆಯರ ಮುಂದಿಡಲು ನಾಚಿಕೆಯಾಯಿತು ಅಂತ ಗಾಸಪ್ಪ ಹೇಳಿದ. ಅವನ ಚಾಳಿ ಎಲ್ಲರಿಗೂ ಗೊತ್ತಿತ್ತಲ್ಲ, ಕೆಲವರು ನಕ್ಕೂಬಿಟ್ಟರು. ನಾಯಕ ನಗಲಿಲ್ಲ. ತಳದಲ್ಲಿ ಉಳಿದದ್ದನ್ನು ಕೂಸಿಗೆ ಬಡಿಸಿ ಅಂದ. ಆ ಮಾತು ಮುಗಿಯುವಷ್ಟರಲ್ಲಿ ಗಾಸಪ್ಪ ತಳದಲ್ಲಿದ್ದದ್ದನ್ನೆಲ್ಲ ಬಾಚಿ ಬಾಚಿ ತಿಂದುಬಿಟ್ಟ. ಬೆರಳನ್ನೂ ಬಿಡಲಿಲ್ಲ. ತಪ್ಪು ನನ್ನದು, ತಿನ್ನಬೇಕಾದವನೂ ನಾನೇ ಅಂದನಂತೆ.

ನಾಯಕ ಅವನನ್ನೇ ನೋಡಿದ. ಆಮೇಲೆ ಮೆಲ್ಲಗೆ ಹೇಳಿದನಂತೆ, “ಮದ್ದು ನುಂಗಿದ್ದರೂ ಮೂರು ದಿನಕ್ಕಿಂತ ಹೆಚ್ಚು ತಡೆಯದು. ಮೂರು ದಿನ ನೀನೇ ಅಡುಗೆ ಮಾಡಬೇಕು. ಅಷ್ಟರೊಳಗೆ ನೀನು ಕಾಯಿಲೆ ಬಿದ್ದು ಮಲಗಿದರೆ ಅದು ವಿಷವೇ. ಹೆಂಡತಿ ಮಗಳನ್ನು ಬುರುಜಿನಿಂದ ತಳ್ಳಿಸುತ್ತೇನೆ.”

ಆ ಮೂರು ದಿನದ ಕತೆ ಹೇಳುವಾಗ ನನ್ನ ಅಜ್ಜಿ ದನಿ ತಗ್ಗಿಸುತ್ತಿದ್ದಳು.

ಮೊದಲ ಸಂಜೆ ಹೊಟ್ಟೆ ಹಿಂಡಿತು. ಕಾವಲಿನವರು ಬಾಗಿಲಲ್ಲೇ ಇದ್ದರು. ಗಾಸಪ್ಪ ನರಳಲಿಲ್ಲ, ಒರಳಿನ ಮುಂದೆ ಬಗ್ಗಿ ಕೂತು ಮಸಾಲೆ ಅರೆದ. ಬಗ್ಗಿದ್ದು ನೋವಿಗೋ ಅರೆಯುವುದಕ್ಕೋ ಯಾರಿಗೂ ತಿಳಿಯಲಿಲ್ಲ. ಈರಕ್ಕ ಪಕ್ಕದಲ್ಲಿ ಕೂತು ಕಲ್ಲು ಗಡಗಡ ಅನ್ನುವಂತೆ ರಾಗಿ ಬೀಸಿದಳು, ಅವನು ಕಾರಿಕೊಂಡ ಸದ್ದು ಹೊರಗೆ ಹೋಗದಿರಲೆಂದು. ಎರಡನೆಯ ದಿನ ಅವನು ಎದ್ದು ನಿಂತ, ಮಗಳಿಗೆ ಮೂಳೆಯ ನೊರೆ ತೆಗೆಯುವುದನ್ನು ಕಲಿಸಿದ. ಬದುಕಿಕೊಂಡೆ ಕಣೆ ಅಂತ ಹೆಂಡತಿಗೆ ಹೇಳಿದ. ಅವಳು ನಕ್ಕಳು. ಅವಳಿಗೆ ಗೊತ್ತಿತ್ತು. ಆ ನಗು ನಗುವುದಕ್ಕಿಂತ ಸಾಯುವುದು ಸುಲಭವಿತ್ತು.

ಮೂರನೆಯ ಬೆಳಿಗ್ಗೆ ಅವನ ಕಣ್ಣು ಹಳದಿಯಾಗಿದ್ದವು. ಈರಕ್ಕ ಒಲೆಗೆ ಹಸಿ ಸೌದೆ ತುರುಕಿದಳು. ಅಡುಗೆಮನೆಯೆಲ್ಲ ಹೊಗೆ. ಕಾವಲಿನವರು ಕಣ್ಣುಜ್ಜುತ್ತ ಆಚೆ ಹೋದರು, ಅವನ ಕಣ್ಣು ನೋಡಲು ಯಾರಿಗೂ ಕಣ್ಣು ಬಿಡಲಾಗಲಿಲ್ಲ. ಗಾಸಪ್ಪ ಗೋಡೆ ಹಿಡಿದು ಮೂಳೆರಸ ಮಾಡಿದ. ಪಾತ್ರೆ ಹೊತ್ತು ಮೇಲೆ ಹೋಗಿ, ಹೊಗೆಗೆ ಕಣ್ಣುರಿ ಎಂದು ತಲೆ ತಗ್ಗಿಸಿಯೇ ನಿಂತ. ಮಗು ಉಂಡಿತು. ಗಳಿಗೆ ಕಳೆಯಿತು. ನಾಯಕ ಉಂಡ, ಇಂಥ ರಸ ಇದುವರೆಗೆ ಉಂಡಿಲ್ಲ ಅಂದ. ಏನು ಬೇಕು ಕೇಳು ಅಂದ. ಮಗಳು ದೊಡ್ಡವಳಾಗುತ್ತಿದ್ದಾಳೆ, ಇನ್ನು ಕೋಟೆಯ ಊಟ ಅವಳಿಗೆ ಬೇಡ, ಅವಳನ್ನು ಹಟ್ಟಿಗೆ ಬಿಟ್ಟು ಬರಲು ನಮಗೆ ಅಪ್ಪಣೆ ಕೊಡಿ ಅಂತ ಗಾಸಪ್ಪ ಕೇಳಿದ. ಅಪ್ಪಣೆಯಾಯಿತು.

ಬೆಟ್ಟದ ಅಷ್ಟೂ ಮೆಟ್ಟಿಲುಗಳನ್ನು ಅವನು ತನ್ನ ಕಾಲ ಮೇಲೆಯೇ ಇಳಿದನಂತೆ. ಮೇಲಿಂದ ನೋಡುತ್ತಾರೆ, ನನ್ನ ಕೈ ಹಿಡಿಯಬೇಡ ಅಂತ ಹೆಂಡತಿಗೆ ಹೇಳಿದನಂತೆ. ಗಡಿಕಲ್ಲು ದಾಟಿ, ಕೋಟೆ ಮರೆಯಾದ ಮೇಲೆ ಕೂತ. ಕೂತವನು ಏಳಲಿಲ್ಲ. ಈರಕ್ಕ ಮಗಳನ್ನೂ ಪಾತ್ರೆಯನ್ನೂ ಎತ್ತಿಕೊಂಡು, ಅಳುವುದಕ್ಕೂ ನಿಲ್ಲದೆ, ಅಪ್ಪನ ಹಟ್ಟಿಯ ಕಡೆಗೆ ಓಡಿದಳು. ಆ ಮಗಳಿಂದಲೇ ನಮ್ಮೂರಿನ ಅರ್ಧ ಮನೆಗಳು ಹುಟ್ಟಿದ್ದು. ಅದಕ್ಕೇ ನಮ್ಮಲ್ಲಿ ಕೆಲವರ ಕಣ್ಣು ಬೆಕ್ಕಿನ ಕಣ್ಣು.

ಇವತ್ತಿಗೂ ಕರೆಕಲ್ಲಿನಲ್ಲಿ ಅಣಬೆ ತಂದರೆ ಒಲೆ ಹಚ್ಚುವ ಮೊದಲು ಯಾರಾದರೊಬ್ಬರು ಯಾವ ಹುತ್ತದ್ದು ಅಂತ ಕೇಳಲೇಬೇಕು, ತಂದವರು ಹುತ್ತದ ಗುರುತು ಹೇಳಲೇಬೇಕು. ಮೊದಲ ತುತ್ತು ಬೇಯಿಸಿದವರದ್ದು, ಕೊನೆಯದು ಮಕ್ಕಳದ್ದು. ಮೂಳೆರಸ ಮಾಡಿದ ದಿನ ಒಂದು ಸೌಟನ್ನು ಗಡಿಕಲ್ಲಿಗೆ ಹೊಯ್ದು ಬರುತ್ತಾರೆ. ಮತ್ತೆ ಇನ್ನೊಂದಿದೆ, ಹೊಸದಾಗಿ ಬಂದ ಸೊಸೆಯಂದಿರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮೂರಿನಲ್ಲಿ ಯಾರಾದರೂ ಬೆಂದ ಅಡುಗೆಯನ್ನು ಪಾತ್ರೆ ಸಮೇತ ನೆಲಕ್ಕೆ ಚೆಲ್ಲಿಬಿಟ್ಟರೆ, ಅತ್ತೆಯಾಗಲಿ ಗಂಡನಾಗಲಿ, ಯಾಕೆ ಚೆಲ್ಲಿದೆ ಅಂತ ಕೇಳುವುದಿಲ್ಲ. ಸುಮ್ಮನೆ ನೆಲ ಒರೆಸಿ, ಮಕ್ಕಳನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತಾರೆ.