ಕಿಂಡಿಯಾಚೆಯ ದನಿ

ಇಲಿಮರಿ ಬಿಲದ ಸಣ್ಣ ಕಿಂಡಿಗೆ ಕಿವಿಯಿಟ್ಟು ಆಚೆಯ ಜೀರುಂಡೆಯಿಂದ ದಿನವೂ ಹಾಡು ಕಲಿಯುತ್ತಿತ್ತು. ಒಂದು ದಿನ ಹೊಸ ದನಿ ಕೇಳಿಸಿತು: "ನಾನೂ ಇಲಿಮರಿ. ನಿಮ್ಮ ಬಿಲದ ಬಾಗಿಲು ಎಲ್ಲಿದೆ? ಅಮ್ಮನಿಗೆ ಹೇಳಬೇಡ."

ಅಮ್ಮನಿಗೆ ಯಾಕೆ ಹೇಳಬಾರದೆಂಬ ಕುತೂಹಲ ತಡೆಯಲಾರದೆ ಮರಿ ಅಮ್ಮನನ್ನೇ ಕೇಳಿತು.

ಅಮ್ಮ ಬೈಯಲಿಲ್ಲ, ಒಂದು ಕಡಲೆ ಕೊಟ್ಟಳು. "ಇದನ್ನು ಆಚೆಗೆ ಉರುಳಿಸು. ಇಲಿಯಾದರೆ ಕಡಿಯದೆ ಬಿಡುವುದಿಲ್ಲ."

ಮರಿ ಉರುಳಿಸಿ ಕಿವಿಗೊಟ್ಟಿತು. ಕಟಕಟ ಸದ್ದೇ ಬರಲಿಲ್ಲ. ಏನೋ ಸರಸರನೆ ಹರಿದುಹೋಯಿತು.

"ಅಮ್ಮಾ, ಹಾವು! ಕಿಂಡಿ ಮುಚ್ಚಿಬಿಡೋಣವೇ?"

"ಮುಚ್ಚಿದರೆ ಹಾಡು ಕಲಿಯುವುದು ಹೇಗೆ?" ಎಂದಳು ಅಮ್ಮ. ಅಷ್ಟು ದಿನ ಬಿಲದ ಇನ್ನೊಂದು ಮೂಲೆಯಲ್ಲಿ ಕೂತು ಕಾಳು ಬಿಡಿಸುತ್ತಿದ್ದವಳು, ಅವತ್ತು ರಾಶಿಯನ್ನೇ ಕಿಂಡಿಯ ಪಕ್ಕಕ್ಕೆ ಎಳೆದುಕೊಂಡು ಬಂದಳು. "ಎಲ್ಲಿ, ಆ ಹಾಡು ನನಗೂ ಕಲಿಸು."